ಹಳೆಯ ಬುಲ್ಡೋಜರಿಗೆ ಎಷ್ಟು ಬೆಲೆ ಕೊಡಬಹುದು?

ಹಳದಿ ಎಲೆ ರೋಗದಿಂದ ತೋಟ ಸೊರಗಿ, ಅದರ ಮೇಲೆ ಎಲೆಚುಕ್ಕಿ ರೋಗವೂ ಸೇರಿಕೊಂಡ ಮೇಲೆ ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ತಾಲ್ಲೂಕುಗಳ ಬೆಳೆಗಾರರು ತೋಟದ ಹೊರಗೆ ಒಂದು ಆದಾಯವನ್ನು ಹುಡುಕುವುದು ಸಹಜ. ಅಂಥವರಲ್ಲಿ ಕೆಲವರ ಕಣ್ಣು ಹಳೆಯ ಬುಲ್ಡೋಜರಿನ ಮೇಲೆ ಬೀಳುತ್ತದೆ. ಬಾಡಿಗೆಗೆ ಬಿಟ್ಟರೆ ಗಂಟೆಗೆ ಇಷ್ಟು, ದಿನಕ್ಕೆ ಇಷ್ಟು ಎಂಬ ಲೆಕ್ಕ ಬಾಯಲ್ಲೇ ಮುಗಿಯುತ್ತದೆ. ಉಳಿದ ತೋಟವನ್ನು ಅಡವಿಟ್ಟು ಹಣ ತರುವ ಮುನ್ನ ಅದೇ ಲೆಕ್ಕವನ್ನು ಕಾಗದದ ಮೇಲೆ ಮಾಡಿ ನೋಡಿ ಎಂಬುದೇ ಈ ಲೇಖನದ ಉದ್ದೇಶ.

ಹಳೆಯ ಯಂತ್ರದ ಬೆಲೆಯನ್ನು ಮಾರುವವನು ಅದರ ವಯಸ್ಸಿನಿಂದ ಹೇಳುತ್ತಾನೆ. ಇಲ್ಲವೇ ಹೊಸ ಯಂತ್ರದ ಬೆಲೆಯೊಡನೆ ಹೋಲಿಸಿ ಹೇಳುತ್ತಾನೆ. ಎರಡೂ ಸರಿಯಲ್ಲ. ಆದಾಯ ತೆರಿಗೆಯವರ ಪದ್ಧತಿಯಂತೆ ಸಾಮಾನ್ಯ ಯಂತ್ರಕ್ಕೆ ವರ್ಷಕ್ಕೆ ಶೇ. 15ರಂತೆ ಸವಕಳಿ ಕಳೆಯುತ್ತ ಹೋದರೆ 100 ರೂಪಾಯಿಯ ಯಂತ್ರ 10 ವರ್ಷಕ್ಕೆ ಸುಮಾರು 20 ರೂಪಾಯಿಗೆ ಇಳಿಯುತ್ತದೆ. ಅದು ಪುಸ್ತಕದ ಬೆಲೆ. ನೆಲದ ಮೇಲೆ ಅದೇ ಯಂತ್ರ 35 ರೂಪಾಯಿಗೂ ಯೋಗ್ಯವಿರಬಹುದು, ಬರೀ ಗುಜರಿಯೂ ಆಗಿರಬಹುದು. ನಿಮ್ಮ ಕೈಯಲ್ಲಿ ಅದು ಇನ್ನೆಷ್ಟು ಗಂಟೆ ದುಡಿಯುತ್ತದೆ, ದುಡಿದು ಎಷ್ಟು ಉಳಿಸುತ್ತದೆ ಎಂಬುದೇ ಅದರ ನಿಜವಾದ ಬೆಲೆ.

ಮೊದಲು ಕಾಲು ನೋಡಿ

ದನ ಕೊಳ್ಳುವಾಗ ಹಲ್ಲು ನೋಡುತ್ತೇವೆ. ಬುಲ್ಡೋಜರ್ ಕೊಳ್ಳುವಾಗ ಕಾಲು ನೋಡಬೇಕು. ಚೈನು, ಪಿನ್ನು, ಬುಷ್, ರೋಲರ್, ಐಡ್ಲರ್, ಸ್ಪ್ರಾಕೆಟ್, ಷೂ ಇವೆಲ್ಲ ಸೇರಿದ ಕೆಳಭಾಗಕ್ಕೆ ಅಂಡರ್‌ಕ್ಯಾರೇಜ್ ಎನ್ನುತ್ತಾರೆ. ಚೈನ್ ಗಾಡಿಯ ದುರಸ್ತಿಗೆ ಅದರ ಆಯುಷ್ಯದಲ್ಲಿ ತಗಲುವ ಹಣದಲ್ಲಿ ಸರಿಸುಮಾರು ಅರ್ಧ ಈ ಭಾಗಕ್ಕೇ ಹೋಗುತ್ತದೆ. ಹೊಸ ಬಣ್ಣ, ಹೊಸ ಸೀಟು ನೋಡಿ ಮರುಳಾಗಬಾರದು.

ಸ್ಪ್ರಾಕೆಟ್ಟಿನ ಹಲ್ಲು ಗರಗಸದಂತೆ ಚೂಪಾಗಿದ್ದರೆ ಬುಷ್ ಸವೆದಿದೆ ಎಂದೇ ಅರ್ಥ. ಪಿನ್ ಮತ್ತು ಬುಷ್‌ಗಳನ್ನು ಒಂದು ಸಲ ತಿರುಗಿಸಿ ಹಾಕಿ ಸವೆಯದ ಬದಿಯಲ್ಲಿ ಓಡಿಸಬಹುದು. ಈಗಾಗಲೇ ತಿರುಗಿಸಿ ಹಾಕಿದ್ದಾರೆಯೇ ಎಂದು ತಪ್ಪದೆ ಕೇಳಿ. ಹಾಕಿದ್ದರೆ ಮುಂದಿನ ಖರ್ಚು ಹೊಸ ಚೈನೇ. ಗ್ರೀಸ್ ತುಂಬಿ ಚೈನನ್ನು ಬಿಗಿಮಾಡಿ ತೋರಿಸುವುದು ಹಳೆಯ ಉಪಾಯ. ಮುಂದಿನ ಐಡ್ಲರ್ ತನ್ನ ಕೊನೆಯ ಮಿತಿಯವರೆಗೆ ಮುಂದಕ್ಕೆ ಬಂದಿದ್ದರೆ ಆ ಬಿಗಿಯನ್ನು ನಂಬಬೇಡಿ. ಚೈನಿನ ನಾಲ್ಕು ಕೊಂಡಿಗಳ ಉದ್ದವನ್ನು ಟೇಪಿನಿಂದ ಅಳೆದು ಕಂಪೆನಿಯ ಪಟ್ಟಿಯೊಡನೆ ಹೋಲಿಸಿದರೆ ಸವೆತ ಎಷ್ಟೆಂದು ತಿಳಿಯುತ್ತದೆ.

ಇಂಜಿನ್ನಿನ ಪರೀಕ್ಷೆಗೆ ಬೆಳಗ್ಗೆಯೇ ಹೋಗಿ. ನೀವು ತಲುಪಿದಾಗ ಇಂಜಿನ್ ತಣ್ಣಗಿರಬೇಕು. ಬಿಸಿಯಾಗಿದ್ದರೆ ಏಕೆಂದು ಕೇಳಿ. ನೀಲಿ ಹೊಗೆ ಬಂದರೆ ಆಯಿಲ್ ಉರಿಯುತ್ತಿದೆ. ಬಿಸಿಯಾದ ಮೇಲೂ ಬಿಳಿ ಹೊಗೆ ನಿಲ್ಲದಿದ್ದರೆ, ಇಲ್ಲವೇ ಆಯಿಲ್ ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ ತಿರುಗಿದ್ದರೆ ಒಳಗೆ ನೀರು ಸೇರಿರುವ ಸಂಶಯ ಪಡಬೇಕು. ಆಮೇಲೆ ಏರಿನಲ್ಲಿ ಮಣ್ಣು ತಳ್ಳಿಸಿ ನೋಡಿ. ಎಡಕ್ಕೂ ಬಲಕ್ಕೂ ತಿರುಗಿಸಿ ನೋಡಿ. ಒಂದೇ ಕಡೆಗೆ ಸಲೀಸಾಗಿ ತಿರುಗಿದರೆ ಇನ್ನೊಂದು ಬದಿಯ ಸ್ಟೀರಿಂಗ್ ಕ್ಲಚ್ಚಿಗೆ ಕೆಲಸವಿದೆ. ಅವರ್ ಮೀಟರನ್ನು ಒಂದೇ ಸಾಕ್ಷಿಯಾಗಿ ಹಿಡಿಯಬಾರದು. ಮೀಟರ್ ಬದಲಿಸುವುದು ಸುಲಭ. ಸವೆದ ಪೆಡಲು, ಸಡಿಲವಾದ ಬ್ಲೇಡಿನ ಪಿನ್ನುಗಳನ್ನು ಮರೆಮಾಡುವುದು ಕಷ್ಟ.

ಬಿಡಿಭಾಗ ಸಿಗದ ಯಂತ್ರ ಎಷ್ಟು ಅಗ್ಗವಾದರೂ ದುಬಾರಿಯೇ. 1964ರಲ್ಲಿ ಸ್ಥಾಪನೆಯಾದ ಬಿ.ಇ.ಎಂ.ಎಲ್. ನಮ್ಮ ರಾಜ್ಯದ ಕೆ.ಜಿ.ಎಫ್.ನಲ್ಲೇ ಬುಲ್ಡೋಜರ್ ತಯಾರಿಸುತ್ತ ಬಂದಿದೆ. ಆದರೂ ನೀವು ನೋಡುತ್ತಿರುವ ಮಾದರಿಗೆ ಚೈನು, ರೋಲರ್ ಎಲ್ಲಿ ಸಿಗುತ್ತವೆ, ಎಷ್ಟಕ್ಕೆ ಸಿಗುತ್ತವೆ ಎಂಬುದನ್ನು ಮುಂಗಡ ಕೊಡುವ ಮುನ್ನವೇ ವಿಚಾರಿಸಿ.

ನಮ್ಮ ಮಳೆಗೆ ತಕ್ಕ ಲೆಕ್ಕ

ಬಯಲುಸೀಮೆಯ ಲೆಕ್ಕ ಮಲೆನಾಡಿಗೆ ಒಗ್ಗದು. ಜೂನ್‌ನಲ್ಲಿ ಮಳೆ ಹಿಡಿದರೆ ನೆಲ ಒಣಗಿ ಯಂತ್ರ ಇಳಿಯುವ ಹೊತ್ತಿಗೆ ನವೆಂಬರ್ ಕಳೆಯುತ್ತದೆ. ನರಸಿಂಹರಾಜಪುರದ ಕಡೆ ಸ್ವಲ್ಪ ಬೇಗ, ಶೃಂಗೇರಿಯ ಕಡೆ ಸ್ವಲ್ಪ ತಡ. ದುಡಿಮೆಗೆ ಸಿಗುವುದು ಆರು ತಿಂಗಳು. ಅದರಲ್ಲೂ ಗದ್ದೆಯ ಬದು, ತೋಟದ ಅಗಳು, ಕೃಷಿಹೊಂಡ, ಮನೆಯ ಅಡಿಪಾಯ ಇವೆಲ್ಲ ಇಂದು ಜೆಸಿಬಿ, ಹಿಟಾಚಿಗಳ ಪಾಲಾಗಿವೆ. ಡಾಂಬರು ರಸ್ತೆಯ ಮೇಲೆ ಓಡಿಸಲಾಗದ ಬುಲ್ಡೋಜರನ್ನು ಟ್ರೈಲರ್ ಮೇಲೆ ಹೇರಿ ಒಯ್ಯಬೇಕು. ಎರಡು ಗಂಟೆಯ ಕೆಲಸಕ್ಕೆ ಆ ಖರ್ಚು ಯಾರು ಕೊಟ್ಟಾರು?

ಲೆಕ್ಕಕ್ಕೆಂದು ಒಂದು ಉದಾಹರಣೆ ಹಿಡಿಯೋಣ. ಅಂಕಿಗಳ ಜಾಗದಲ್ಲಿ ನಿಮ್ಮೂರಿನ ದರ ಹಾಕಿಕೊಳ್ಳಿ. 12 ಟನ್ ತೂಕದ ಯಂತ್ರಕ್ಕೆ 12 ಲಕ್ಷ ರೂ. ಹೇಳಿದ್ದಾರೆ. ಬಾಡಿಗೆ ಗಂಟೆಗೆ 2,000 ರೂ. ಖರ್ಚಿನಲ್ಲಿ 12 ಲೀಟರ್ ಡೀಸೆಲ್ಲಿಗೆ 90 ರೂಪಾಯಿಯಂತೆ 1,080. ಚಾಲಕ ಮತ್ತು ಸಹಾಯಕನಿಗೆ 250. ಆಯಿಲ್, ಗ್ರೀಸ್, ಫಿಲ್ಟರಿಗೆ 120. ಚೈನು ಮತ್ತು ದುರಸ್ತಿಗೆಂದು ತೆಗೆದಿಡಬೇಕಾದದ್ದು 300. ಒಟ್ಟು 1,750 ರೂ. ಉಳಿಯುವುದು ಗಂಟೆಗೆ 250 ರೂ. ವರ್ಷಕ್ಕೆ 600 ಗಂಟೆ ಕೆಲಸ ಸಿಕ್ಕರೆ ಒಂದೂವರೆ ಲಕ್ಷ, ನಾಲ್ಕು ವರ್ಷಕ್ಕೆ 6 ಲಕ್ಷ. ಕೊನೆಗೆ ಗುಜರಿಗೆ ಹಾಕಿದಾಗ ಕತ್ತರಿಸುವ, ಸಾಗಿಸುವ ಖರ್ಚು ಕಳೆದು ಕಿಲೋಗೆ 25 ರೂಪಾಯಿಯಂತೆ 3 ಲಕ್ಷ. ಎರಡೂ ಸೇರಿ 9 ಲಕ್ಷ. ಕೊಂಡ ಕೂಡಲೇ ಚೈನು, ರೋಲರಿಗೆ 3 ಲಕ್ಷ ಬೇಕಾದರೆ ನೀವು ಕೊಡಬಹುದಾದ ಹೆಚ್ಚಿನ ಬೆಲೆ 6 ಲಕ್ಷ. 400 ಗಂಟೆ ಮಾತ್ರ ಕೆಲಸ ಸಿಕ್ಕಿತೆನ್ನಿ, ಅದೇ ಯಂತ್ರದ ಬೆಲೆ 4 ಲಕ್ಷಕ್ಕೆ ಇಳಿಯುತ್ತದೆ. ಬ್ಯಾಂಕಿನ ಬಡ್ಡಿಯನ್ನು ಇನ್ನೂ ಸೇರಿಸಿಲ್ಲ. ಆ ಬೆಲೆಗೆ ಕೊಂಡರೂ ಕೈಗೆ ಬರುವುದು ಹಾಕಿದ ಅಸಲು ಮಾತ್ರ. ನಿಮ್ಮ ಓಡಾಟಕ್ಕೆ ಕೂಲಿಯೂ ಇಲ್ಲ.

ಗುಡ್ಡ ಕಡಿಯುವ ಕೆಲಸ ಬೇಕಾದಷ್ಟು ಸಿಗುತ್ತದೆಂಬ ಆಸೆಯಿಂದ ಗಂಟೆಗಳನ್ನು ಹಿಗ್ಗಿಸಬೇಡಿ. ಇಳಿಜಾರನ್ನು ಕಡಿದು ಮಟ್ಟಮಾಡಿದಾಗ ನೂರಾರು ವರ್ಷಗಳಿಂದ ಕೂಡಿದ ಮೇಲ್ಮಣ್ಣು ಕೆಳಗೆ ಹೂತುಹೋಗುತ್ತದೆ. ಕಡಿದ ಧರೆ ಮಳೆಗೆ ಸಡಿಲವಾಗುತ್ತದೆ. 2018ರಲ್ಲಿ ಕೊಡಗಿನಲ್ಲಿ, 2019ರಲ್ಲಿ ನಮ್ಮದೇ ಜಿಲ್ಲೆಯ ಮೂಡಿಗೆರೆ ಕಡೆಯ ಮಲೆಮನೆಯಲ್ಲಿ ಗುಡ್ಡ ಜರಿದದ್ದನ್ನು ಮರೆಯಬಾರದು. ಅರಣ್ಯದ ಗಡಿಯಲ್ಲಿ, ಮರವಿರುವ ಜಾಗದಲ್ಲಿ ಅನುಮತಿಯಿಲ್ಲದೆ ಯಂತ್ರ ಇಳಿಸಿದರೆ ಅದು ಮುಟ್ಟುಗೋಲಾಗುವ ಅಪಾಯವೂ ಇದೆ.

ಕೊಳ್ಳುವವರಿಗೂ ಮಾರುವವರಿಗೂ

ಇಂಜಿನ್ ನಂಬರು, ಚಾಸಿಸ್ ನಂಬರು ಮೂಲ ಬಿಲ್ಲಿನೊಡನೆ ತಾಳೆಯಾಗಬೇಕು. ಸಾಲ ತೀರಿದೆಯೆಂಬ ಬ್ಯಾಂಕಿನ ಪತ್ರವನ್ನು ಕಣ್ಣಾರೆ ನೋಡಬೇಕು. ಸರ್ಕಾರಿ ಯಂತ್ರಗಳನ್ನು ಎಂ.ಎಸ್.ಟಿ.ಸಿ. ಮೂಲಕ ಹರಾಜು ಹಾಕುವುದುಂಟು. ಅಲ್ಲಿ ‘ಇದ್ದಲ್ಲಿ, ಇದ್ದಂತೆ’ ಎಂಬುದೇ ಷರತ್ತು. ಕೂಗಿದ ಮೇಲೆ ದೂರು ನಡೆಯದು. ಸಾಗಣೆ, ತೆರಿಗೆ ಸೇರಿಸಿಯೇ ಬೆಲೆ ಕೂಗಬೇಕು.

ಮಾರುವವರು ನವೆಂಬರ್, ಡಿಸೆಂಬರ್‌ನಲ್ಲಿ ಮಾರಿ. ಕೆಲಸದ ಕಾಲ ಎದುರಿಗಿರುವಾಗ ಗಿರಾಕಿ ಬರುತ್ತಾನೆ. ಕೊಳ್ಳುವವರು ಮೇ ತಿಂಗಳ ಕೊನೆಗೆ ಹೋಗಿ. ಮಳೆಗಾಲವಿಡೀ ಯಂತ್ರಕ್ಕೆ ತುಕ್ಕು ಹಿಡಿಸಲು ಮಾರುವವನಿಗೂ ಇಷ್ಟವಿರದು, ಮಣ್ಣು ತಳ್ಳಿಸಿ ನೋಡಲು ನೆಲವೂ ಒಣಗಿರುತ್ತದೆ. ನೋಡಲು ಹೋಗುವಾಗ ಚೈನ್ ಗಾಡಿ ಬಲ್ಲ ಮೆಕ್ಯಾನಿಕ್ ಒಬ್ಬನನ್ನು ಕರೆದೊಯ್ಯಿರಿ. ಅವನ ಒಂದು ದಿನದ ಕೂಲಿ ಹೊಸ ಚೈನಿನ ಬೆಲೆಯ ಮುಂದೆ ಏನೂ ಅಲ್ಲ.

ನನ್ನ ಅಭಿಪ್ರಾಯ ಇಷ್ಟು: ವರ್ಷಕ್ಕೆ 600 ಗಂಟೆಯ ಕೆಲಸವನ್ನು ಊರು, ಹೆಸರು ಸಮೇತ ಕಾಗದದ ಮೇಲೆ ಬರೆಯಲಾರದವರು ಬುಲ್ಡೋಜರ್ ಕೊಳ್ಳಬಾರದು. ಬೇಕಾದಾಗ ನಾಲ್ಕು ಮನೆಯವರು ಸೇರಿ ಒಂದೇ ವಾರಕ್ಕೆ ಬಾಡಿಗೆಗೆ ತರಿಸಿದರೆ ಟ್ರೈಲರಿನ ಖರ್ಚು ಹಂಚಿಹೋಗುತ್ತದೆ, ಸಾಲವೂ ತಪ್ಪುತ್ತದೆ. ಬರೆಯಬಲ್ಲವರು ಧೈರ್ಯವಾಗಿ ಕೊಳ್ಳಲಿ. ಆದರೆ ತಮ್ಮ ಲೆಕ್ಕದ ಬೆಲೆಗಿಂತ ಒಂದು ರೂಪಾಯಿ ಹೆಚ್ಚು ಕೊಡುವುದು ಬೇಡ.