ಮನೆಯ ಬಂಡಿ, ಮನೆಯವರ ಹೊಣೆ



ನಮ್ಮ ಒಕ್ಕಲು ಮನೆತನಗಳಲ್ಲಿ ಎತ್ತಿನ ಬಂಡಿ ಎಂಬುದು ಕೇವಲ ಸಾಗಣೆಯ ಸಾಧನವಾಗಿರಲಿಲ್ಲ. ಬಿತ್ತನೆಯ ಬೀಜ, ಸುಗ್ಗಿಯ ಕಾಳು, ತವರಿಗೆ ಹೊರಟ ಹೆಣ್ಣುಮಗಳು, ಜಾತ್ರೆಗೆ ಹೊರಟ ಇಡೀ ಸಂಸಾರ, ಎಲ್ಲವೂ ಅದರ ಮೇಲೆಯೇ ಸಾಗುತ್ತಿದ್ದವು. ಆದುದರಿಂದಲೇ ಅಚ್ಚಿಗೆ ಕೀಲೆಣ್ಣೆ ಹಾಕುವುದು, ಗಾಲಿಯ ಹಳಿ ಸಡಿಲವಾದರೆ ಕಮ್ಮಾರರಲ್ಲಿಗೆ ಒಯ್ಯುವುದು, ಸೋಮವಾರ ಎತ್ತಿನ ಹೆಗಲಿಗೆ ನೊಗವಿಡದೆ ವಿಶ್ರಾಂತಿ ಕೊಡುವುದು ಮನೆಯ ಶಿಸ್ತಿನ ಭಾಗಗಳಾಗಿದ್ದವು.

ಇಂದು ಆ ಬಂಡಿಯ ಸ್ಥಾನಕ್ಕೆ ಏಳೆಂಟು ಮಂದಿ ಕೂಡುವ ದೊಡ್ಡ ಮೋಟಾರು ವಾಹನ ಬಂದಿದೆ. 1994ರಲ್ಲಿ ಟಾಟಾ ಸುಮೋ, 2000ದಲ್ಲಿ ಮಹೀಂದ್ರ ಬೊಲೆರೊ ಹಾಗೂ ನಮ್ಮ ಬಿಡದಿಯ ಕಾರ್ಖಾನೆಯಿಂದಲೇ ಹೊರಬಂದ ಟೊಯೋಟಾ ಕ್ವಾಲಿಸ್, 2002ರಲ್ಲಿ ಸ್ಕಾರ್ಪಿಯೋ, 2005ರಲ್ಲಿ ಕ್ವಾಲಿಸ್ ನಿಂತು ಅದರ ಜಾಗಕ್ಕೆ ಇನೋವಾ, ಹೀಗೆ ಒಂದೊಂದಾಗಿ ಇವು ನಮ್ಮ ಅಂಗಳಗಳನ್ನು ಸೇರಿದವು. ಕೂಡಲಸಂಗಮಕ್ಕಾಗಲಿ, ಸುತ್ತೂರು ಜಾತ್ರೆಗಾಗಲಿ, ತರಳಬಾಳು ಹುಣ್ಣಿಮೆಗಾಗಲಿ ಹಿರಿಯರು ಕಿರಿಯರೆಲ್ಲ ಒಂದೇ ವಾಹನದಲ್ಲಿ ಹೋಗಿಬರುವ ಅನುಕೂಲ ಇದರಿಂದ ಒದಗಿತು. ಇವುಗಳಲ್ಲಿ ಅನೇಕ ವಾಹನಗಳು ಹದಿನೈದು ಇಪ್ಪತ್ತು ವರ್ಷ ಕಳೆದರೂ ಅದೇ ಮನೆಯಲ್ಲಿ ದುಡಿಯುತ್ತಿವೆ. ವಸ್ತುವನ್ನು ಬೇಗ ಬಿಸಾಡದೆ ಬಾಳಿಸುವುದು ಒಳ್ಳೆಯ ಗುಣ. ಆದರೆ ಬಾಳಿಸುವುದಕ್ಕೂ ಎಳೆದಾಡಿಸುವುದಕ್ಕೂ ವ್ಯತ್ಯಾಸವಿದೆ. ಆ ವ್ಯತ್ಯಾಸವನ್ನೇ ಈ ತಿಂಗಳು ಚಿಂತಿಸೋಣವೆಂದು ನಾವು ಬಯಸಿದ್ದೇವೆ.

ಆಯುಧಪೂಜೆಯ ದಿನ ವಾಹನವನ್ನು ತೊಳೆದು, ವಿಭೂತಿ ಧರಿಸಿ, ಬಾಳೆಕಂದು ಕಟ್ಟಿ, ಹೂವಿನ ಹಾರ ಹಾಕುತ್ತೇವೆ. ಸಂತೋಷ. ಆದರೆ ಉಳಿದ ದಿನಗಳಲ್ಲಿ ಅದರ ಮುಚ್ಚಳವನ್ನೆತ್ತಿ ಎಂಜಿನ್ ಆಯಿಲ್ ಎಷ್ಟಿದೆಯೆಂದು ನೋಡುವವರು ಮನೆಯಲ್ಲಿ ಎಷ್ಟು ಮಂದಿ? ಶರಣರು ಕಾಯಕಕ್ಕೆ ಕೊಟ್ಟ ಮನ್ನಣೆಯನ್ನು ನೆನೆಯುವ ನಾವು, ದೋಣಿ ನಡೆಸುತ್ತಿದ್ದ ಅಂಬಿಗರ ಚೌಡಯ್ಯನವರನ್ನು ಇಲ್ಲಿ ಸ್ಮರಿಸುವುದು ಉಚಿತ. ಜನರನ್ನು ದಡ ಸೇರಿಸುವವನಿಗೆ ದೋಣಿಯ ತಳದ ಬಿರುಕು ಸಣ್ಣ ಸಂಗತಿಯಾಗಲಾರದು. ವಾಹನದ ಆರೈಕೆ ಕಬ್ಬಿಣಕ್ಕೆ ಸಲ್ಲಿಸುವ ಸೇವೆಯಲ್ಲ. ಅದರೊಳಗೆ ಕುಳಿತವರ ಪ್ರಾಣಕ್ಕೆ ಸಲ್ಲಿಸುವ ಸೇವೆ.

ಉಳವಿಯ ದಾರಿಯನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ಚೆನ್ನಬಸವಣ್ಣನವರ ಆ ಪುಣ್ಯಕ್ಷೇತ್ರಕ್ಕೆ ಜೋಯಿಡಾ ತಾಲ್ಲೂಕಿನ ಕಾಡುಗುಡ್ಡಗಳ ನಡುವೆ ಏರಿಳಿದು ಸಾಗಬೇಕು. ಇಂಥ ಇಳಿಜಾರಿನಲ್ಲಿ ಡೀಸೆಲ್ ಉಳಿಸುವ ಆಸೆಯಿಂದ ಕೆಲವು ಚಾಲಕರು ಗೇರು ತಪ್ಪಿಸಿ ಎಂಜಿನ್ ನಿಲ್ಲಿಸಿ ಗಾಡಿಯನ್ನು ಹಾಗೆಯೇ ಬಿಡುವುದುಂಟು. ಬ್ರೇಕಿಗೆ ಬಲ ಕೊಡುವ ನಿರ್ವಾತದ ವ್ಯವಸ್ಥೆ ಎಂಜಿನ್ ಓಡುತ್ತಿದ್ದರೆ ಮಾತ್ರ ಕೆಲಸ ಮಾಡುತ್ತದೆ. ಎಂಜಿನ್ ನಿಂತ ಮೇಲೆ ಎರಡು ಮೂರು ಸಲ ತುಳಿಯುವಷ್ಟರಲ್ಲಿ ಪೆಡಲು ಕಲ್ಲಿನಂತೆ ಗಟ್ಟಿಯಾಗುತ್ತದೆ. ಇದರೊಡನೆ ಬ್ರೇಕ್ ಆಯಿಲ್ ಹಳೆಯದಾಗಿದ್ದರೆ ಅಪಾಯ ಇಮ್ಮಡಿಸುತ್ತದೆ. ಈ ಎಣ್ಣೆ ಗಾಳಿಯ ತೇವವನ್ನು ಹೀರುವ ಸ್ವಭಾವದ್ದು. ಸತತವಾಗಿ ಬ್ರೇಕ್ ಹಿಡಿದು ಕಾವೇರಿದಾಗ, ಅದರೊಳಗೆ ಸೇರಿದ ನೀರು ಕುದಿದು ಆವಿಯಾಗುತ್ತದೆ. ಪೆಡಲು ನೆಲಕ್ಕಿಳಿದರೂ ಗಾಡಿ ನಿಲ್ಲುವುದಿಲ್ಲ. ಎರಡು ವರ್ಷಕ್ಕೊಮ್ಮೆ ಬ್ರೇಕ್ ಆಯಿಲ್ ಬದಲಿಸುವುದಕ್ಕೆ ತಗಲುವ ವೆಚ್ಚ ಹಬ್ಬದ ಹೂಹಾರದ ವೆಚ್ಚಕ್ಕಿಂತ ಬಹಳ ಹೆಚ್ಚೇನೂ ಅಲ್ಲ. ಇಳಿಜಾರಿನಲ್ಲಿ ಕೆಳಗಿನ ಗೇರಿನಲ್ಲಿಯೇ ಇಳಿಯಬೇಕೆಂಬ ನಿಯಮವನ್ನು ಚಾಲಕನಿಗೆ ಮನೆಯ ಹಿರಿಯರು ಸ್ಪಷ್ಟವಾಗಿ ಹೇಳಬೇಕು.

ಟೈರುಗಳ ವಿಷಯವೂ ಹೀಗೆಯೇ. ಗಾಡಿ ಹೆಚ್ಚು ಓಡದಿದ್ದರೆ ಟೈರು ಹೊಸದಾಗಿಯೇ ಇರುತ್ತದೆಂಬುದು ತಪ್ಪು ತಿಳುವಳಿಕೆ. ರಬ್ಬರು ನಿಂತಲ್ಲಿಯೇ ಮುಪ್ಪಾಗುತ್ತದೆ. ಟೈರಿನ ಪಕ್ಕದಲ್ಲಿ ಒತ್ತಿರುವ ನಾಲ್ಕು ಅಂಕಿಗಳನ್ನು ಓದಲು ಮಕ್ಕಳಿಗೂ ಕಲಿಸಿರಿ. 2319 ಎಂದಿದ್ದರೆ ಅದು 2019ನೆಯ ವರ್ಷದ 23ನೆಯ ವಾರದಲ್ಲಿ ತಯಾರಾದದ್ದು. ಐದಾರು ವರ್ಷ ಕಳೆದ ಟೈರಿನಲ್ಲಿ ಕೂದಲೆಳೆಯಂಥ ಬಿರುಕುಗಳು ಕಂಡರೆ, ಹಲ್ಲು ಎಷ್ಟೇ ಉಳಿದಿರಲಿ, ದೂರದ ಪ್ರಯಾಣಕ್ಕೆ ಅದನ್ನು ನಂಬಬಾರದು. ಹಲ್ಲಿನ ಆಳ 1.6 ಮಿಲಿಮೀಟರಿಗೆ ಇಳಿದರೆ ವಯಸ್ಸನ್ನು ಕೇಳುವ ಅಗತ್ಯವೇ ಇಲ್ಲ, ಬದಲಿಸಲೇಬೇಕು. ಎತ್ತರದ ಗಾಡಿಯ ಮೇಲೆ ಕ್ಯಾರಿಯರ್ ಹಾಕಿ ಅಕ್ಕಿಮೂಟೆ, ಪಾತ್ರೆಪರಡಿ ಹೇರಿದರೆ ತಿರುವಿನಲ್ಲಿ ಅದು ಮಗುಚುವ ಸಂಭವ ಹೆಚ್ಚು ಎಂಬುದನ್ನೂ ಮರೆಯಬಾರದು.

ಎಂಜಿನ್ನಿನ ಆಯುಷ್ಯ ಆಯಿಲ್, ಫಿಲ್ಟರು ಮತ್ತು ಕೂಲಂಟುಗಳನ್ನು ಅವಲಂಬಿಸಿದೆ. ಬೀದರ, ಕಲಬುರಗಿ, ವಿಜಯಪುರದ ಧೂಳಿನ ರಸ್ತೆಗಳಲ್ಲಿ ಓಡುವ ಗಾಡಿಯ ಏರ್ ಫಿಲ್ಟರನ್ನು ಕೈಪಿಡಿಯಲ್ಲಿ ಹೇಳಿದ ಅವಧಿಗಿಂತ ಮೊದಲೇ ನೋಡಬೇಕು. ಮಲೆನಾಡು, ಕರಾವಳಿಗಳಲ್ಲಿ ಚಾಸಿಸ್ಸಿನ ತುಕ್ಕೇ ಮುಖ್ಯ ಶತ್ರು. ಮಳೆಗಾಲ ಮುಗಿದೊಡನೆ ಗಾಡಿಯನ್ನು ಮೇಲೆತ್ತಿಸಿ ತಳಭಾಗವನ್ನು ತೊಳೆಯಿಸಿ ಪರೀಕ್ಷಿಸಬೇಕು. ಟೈಮಿಂಗ್ ಬೆಲ್ಟ್ ಇರುವ ಎಂಜಿನ್ನುಗಳಲ್ಲಿ ಕೈಪಿಡಿಯಲ್ಲಿ ತಿಳಿಸಿದ ಕಿಲೋಮೀಟರಿಗೆ ಅದನ್ನು ಬದಲಿಸದಿದ್ದರೆ, ಅದು ತುಂಡಾದ ಕ್ಷಣದಲ್ಲಿ ಎಂಜಿನ್ನಿನ ಒಳಭಾಗಗಳೇ ಜಖಂಗೊಳ್ಳುವ ಸಾಧ್ಯತೆಯಿದೆ. 2020ರ ಏಪ್ರಿಲ್ ನಂತರದ ಬಿ.ಎಸ್. 6 ಡೀಸೆಲ್ ವಾಹನ ಕೊಂಡವರು ಇನ್ನೊಂದು ಮಾತು ತಿಳಿದಿರಬೇಕು. ಅದರ ಹೊಗೆಕೊಳವೆಯ ಫಿಲ್ಟರು ಮಸಿಯನ್ನು ಹಿಡಿದಿಟ್ಟು, ಗಾಡಿ ವೇಗವಾಗಿ ದೂರ ಓಡಿದಾಗ ಸುಟ್ಟುಕೊಳ್ಳುತ್ತದೆ. ದಿನವೂ ಒಂದೆರಡು ಕಿಲೋಮೀಟರು ಓಡಿಸಿ ನಿಲ್ಲಿಸುವ ಮನೆಗೆ ಅಂಥ ಗಾಡಿ ಹೊಂದುವುದಿಲ್ಲ.

ಖರ್ಚಿನ ಲೆಕ್ಕವನ್ನೂ ನೋಡೋಣ. 15 ಲಕ್ಷ ರೂಪಾಯಿ ಸಾಲವನ್ನು ಶೇಕಡಾ 10ರ ಬಡ್ಡಿಯಲ್ಲಿ 5 ವರ್ಷಕ್ಕೆ ತಂದರೆ ತಿಂಗಳ ಕಂತು ಸುಮಾರು 31,870 ರೂಪಾಯಿ. ಬಡ್ಡಿಯೊಂದೇ 4 ಲಕ್ಷ ಮೀರುತ್ತದೆ. ಈಗಿರುವ ಗಾಡಿ ಗಟ್ಟಿಯಾಗಿದ್ದರೆ, ನೆರೆಮನೆಯವರು ಹೊಸದು ತಂದರೆಂಬ ಕಾರಣಕ್ಕೆ ಈ ಭಾರವನ್ನು ಹೊರುವುದು ವಿವೇಕವಲ್ಲ. ಅದರ ಬದಲು ತಿಂಗಳಿಗೆ 3,000 ರೂಪಾಯಿ ಪ್ರತ್ಯೇಕವಾಗಿ ತೆಗೆದಿಟ್ಟರೆ ವರ್ಷಕ್ಕೆ 36,000 ಕೂಡುತ್ತದೆ; ಸರ್ವಿಸು, ಟೈರು, ಬ್ಯಾಟರಿಗಳ ಖರ್ಚು ಬಂದಾಗ ಕೈಸಾಲಕ್ಕೆ ಹೋಗಬೇಕಾಗಿಲ್ಲ. ಒಂದು ನೋಟ್‌ಬುಕ್ಕಿನಲ್ಲಿ ದಿನಾಂಕ, ಕಿಲೋಮೀಟರು, ಮಾಡಿಸಿದ ಕೆಲಸ, ಕೊಟ್ಟ ಹಣ ಬರೆದಿಡಿರಿ. ಈ ಕೆಲಸವನ್ನು ಮನೆಯ ಮಗಳಿಗೋ ಸೊಸೆಗೋ ವಹಿಸಿದರೆ ಇನ್ನೂ ಒಳಿತು. ಗಾಡಿಯ ವಿಚಾರ ಗಂಡಸರಿಗೆ ಮಾತ್ರ ಸೇರಿದ್ದೆಂಬ ನಿಯಮವೇನೂ ಇಲ್ಲ. ಕೈಯೆಲ್ಲ ಎಣ್ಣೆಯಾಗಿಸಿಕೊಂಡು ದುಡಿಯುವ ಮೆಕ್ಯಾನಿಕ್‌ನೂ ಕಾಯಕಜೀವಿಯೇ. ಅವರ ಕೂಲಿಯಲ್ಲಿ ಚೌಕಾಸಿ ಮಾಡಿ ಅಗ್ಗದ ನಕಲಿ ಬಿಡಿಭಾಗ ಹಾಕಿಸಿಕೊಳ್ಳುವುದು ಯಾರಿಗೂ ಲಾಭವಲ್ಲ.

ಇನ್ನು ಕಾಗದಪತ್ರಗಳು. ಮನೆಬಳಕೆಯ ವಾಹನದ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ. ತಪಾಸಣೆ ಮಾಡಿಸಿ 5 ವರ್ಷಕ್ಕೊಮ್ಮೆ ನವೀಕರಿಸಬಹುದು. ಹಸಿರು ತೆರಿಗೆಯನ್ನೂ ಕಟ್ಟಬೇಕು. 2022ರ ಏಪ್ರಿಲ್ 1ರಿಂದ ಕಾರುಗಳ ನವೀಕರಣ ಶುಲ್ಕ 5,000 ರೂಪಾಯಿಗೆ ಏರಿತು. 2025ರಲ್ಲಿ 20 ವರ್ಷ ದಾಟಿದ ವಾಹನಗಳಿಗೆ ಇದನ್ನು ಮತ್ತೆ ಹೆಚ್ಚಿಸಲಾಯಿತು. ವಿಮೆಯಿಲ್ಲದೆ ಗಾಡಿಯನ್ನು ರಸ್ತೆಗಿಳಿಸಬಾರದು. ಬಿಳಿ ಫಲಕದ ಮನೆಗಾಡಿಯನ್ನು ಮದುವೆ ಮುಂಜಿಗಳಿಗೆ ಬಾಡಿಗೆಗೆ ಕೊಟ್ಟು ಅಪಘಾತವಾದರೆ ವಿಮೆಯ ಪರಿಹಾರಕ್ಕೆ ತೊಡಕಾಗುತ್ತದೆ. ಮಾರಿದ ಮೇಲೆ ಹೆಸರು ಬದಲಾಯಿಸದೆ ಬಿಡುವುದು ಇನ್ನೂ ಅಪಾಯಕರ. ದಾಖಲೆಯಲ್ಲಿ ಯಾರ ಹೆಸರಿದೆಯೋ ಅವರೇ ಅಪಘಾತದ ಪರಿಹಾರಕ್ಕೆ ಹೊಣೆಗಾರರೆಂದು ಸರ್ವೋಚ್ಚ ನ್ಯಾಯಾಲಯ 2018ರಲ್ಲಿ ತೀರ್ಪಿತ್ತಿದೆ.

ಕೊನೆಯದಾಗಿ ಎಲ್ಲಕ್ಕಿಂತ ಕಠಿಣವಾದ ಪ್ರಶ್ನೆ: ಗಾಡಿಯನ್ನು ಯಾವಾಗ ಬಿಟ್ಟುಕೊಡಬೇಕು? ತಂದೆಯವರು ಕೊಂಡದ್ದು, ಮಗಳ ಮದುವೆಯ ದಿಬ್ಬಣ ಹೋದದ್ದು ಇದರಲ್ಲಿಯೇ ಎಂಬ ಮಮತೆ ಸಹಜವಾದುದೇ. ಆದರೆ ಆ ನಿರ್ಣಯವನ್ನು ಮಮತೆಗೆ ಬಿಡದೆ ಗಾಡಿಯ ತಳಭಾಗಕ್ಕೆ ಬಿಡಬೇಕು. ಚಾಸಿಸ್ಸನ್ನು ತುಕ್ಕು ತಿಂದಿದ್ದರೆ ಬಣ್ಣ ಬಳಿಯಿಸಿ ಪ್ರಯೋಜನವಿಲ್ಲ. ಹಳೆಯ ಸುಮೋ, ಬೊಲೆರೊಗಳಲ್ಲಿ ಗಾಳಿಚೀಲಗಳಿಲ್ಲ. ಹಿಂಭಾಗದ ಎದುರುಬದುರು ಆಸನಗಳಲ್ಲಿ ಬೆಲ್ಟೂ ಇಲ್ಲ. ನಾವಾದರೋ ಜಾಗವಿದೆಯೆಂದು ಮಕ್ಕಳನ್ನು ಅಲ್ಲಿಯೇ ತುಂಬುತ್ತೇವೆ. ಗಾಡಿ ಡಿಕ್ಕಿಯಾದರೆ ಮೊದಲು ಎಸೆಯಲ್ಪಡುವವರು ಅವರೇ. ಅಂಥ ವಾಹನ ಇನ್ನೂ ಗಟ್ಟಿಯಾಗಿದ್ದರೆ ಊರಿನ ಸುತ್ತ, ಹೊಲತೋಟಗಳ ಕೆಲಸಕ್ಕೆ ಇರಲಿ. ಮಕ್ಕಳನ್ನು ಮುಂದಕ್ಕೆ ಮುಖಮಾಡಿದ ಆಸನದಲ್ಲಿ ಬೆಲ್ಟು ಹಾಕಿ ಕೂರಿಸಿರಿ. ಹೆದ್ದಾರಿಯ ರಾತ್ರಿ ಪ್ರಯಾಣಕ್ಕೆ ಅದು ಬೇಡ. ಬಾಳಿಕೆ ಮುಗಿದ ಗಾಡಿಯನ್ನು ಅರಿಯದ ಬಡವನೊಬ್ಬನಿಗೆ ದಾಟಿಸುವುದು ಕೂಡ ಧರ್ಮವಲ್ಲ. ನಮ್ಮ ಮಕ್ಕಳಿಗೆ ಒಗ್ಗದ ಅಪಾಯ ಅವನ ಮಕ್ಕಳಿಗೆ ಹೇಗೆ ಒಗ್ಗೀತು? 2021ರ ನಿಯಮಗಳಂತೆ ನೋಂದಾಯಿತ ಗುಜರಿ ಕೇಂದ್ರಗಳಿಗೆ ಒಪ್ಪಿಸಿ ಪ್ರಮಾಣಪತ್ರ ಪಡೆಯುವ ಮಾರ್ಗ ಈಗ ತೆರೆದಿದೆ.

ದುಡಿದು ಮುಪ್ಪಾದ ಎತ್ತಿಗೆ ನೊಗವಿಡುವುದು ಕ್ರೌರ್ಯವೆಂದು ನಮ್ಮ ಹಿರಿಯರು ತಿಳಿದಿದ್ದರು. ಯಂತ್ರಕ್ಕೆ ನೋವಿಲ್ಲ, ನಿಜ; ಆದರೆ ಅದರೊಳಗೆ ಕುಳಿತವರಿಗೆ ಇದೆ. ಮುಂದಿನ ಜಾತ್ರೆಗೆ ಹೊರಡುವ ಮುನ್ನ ಒಂದು ವಾರ ಮೊದಲೇ ಬ್ರೇಕು, ಟೈರು, ದೀಪ, ಕೂಲಂಟುಗಳನ್ನು ನೋಡಿಸಿರಿ. ಚಾಲಕನಿಗೆ ಹಿಂದಿನ ರಾತ್ರಿ ತುಂಬ ನಿದ್ದೆ ಮಾಡಲು ಬಿಡಿರಿ. ಹೊತ್ತಿಗೆ ಮುಂಚೆ ತಲುಪುವ ಅವಸರ ಬೇಡ. ಹೋದವರೆಲ್ಲರೂ ಕ್ಷೇಮವಾಗಿ ಮರಳಿ ಮನೆ ಸೇರುವಂತಾಗಲಿ.