ಮನೆಯ ಶಾಸ್ತ್ರಕ್ಕೆ ಮನೆಯಲ್ಲೇ ಅನಾದರ

ದ್ವಿತೀಯ ಪಿಯುಸಿ ಫಲಿತಾಂಶ ಹೊರಬಿದ್ದೊಡನೆ ನಮ್ಮ ಮನೆಗಳಲ್ಲಿ ನಡೆಯುವ ಸಮಾಲೋಚನೆಯು ವೈದ್ಯಕೀಯ, ಇಂಜಿನಿಯರಿಂಗ್, ಬಿ.ಕಾಂ. ಮುಂತಾದ ನಾಲ್ಕಾರು ಹೆಸರುಗಳಾಚೆಗೆ ಸಾಗುವುದು ವಿರಳ. ಯಾರಾದರೂ ಗೃಹವಿಜ್ಞಾನದ ಹೆಸರೆತ್ತಿದರೆ, ಅಡುಗೆ ಕಲಿಯಲು ವಿಶ್ವವಿದ್ಯಾನಿಲಯವೇಕೆ ಎಂಬ ನಗುವಿನೊಂದಿಗೆ ಮಾತು ಮುಗಿಯುತ್ತದೆ. ಮಾನವ ಅಭಿವೃದ್ಧಿ ಮತ್ತು ಕುಟುಂಬ ಅಧ್ಯಯನವೆಂಬ ಗಂಭೀರ ಶಾಸ್ತ್ರವೊಂದು ಆ ನಗುವಿನಡಿಯಲ್ಲಿ ಹೂತುಹೋಗಿದೆ.

ಈ ಶಾಸ್ತ್ರ ಹುಟ್ಟಿದ್ದು ಅಡುಗೆಮನೆಯಲ್ಲಲ್ಲ. ಅಮೆರಿಕದ ಅಯೋವಾ ರಾಜ್ಯದಲ್ಲಿ ಕೋರಾ ಬಸ್ಸಿ ಹಿಲ್ಲಿಸ್ ಎಂಬ ಮಹಿಳೆಯಿದ್ದರು. ತನ್ನ ಐವರು ಮಕ್ಕಳಲ್ಲಿ ಮೂವರನ್ನು ಕಳಕೊಂಡ ತಾಯಿ. ಜೋಳದ ತಳಿಗೂ ಹಂದಿ ಸಾಕಣೆಗೂ ಸಂಶೋಧನೆ ನಡೆಸುವ ಸರಕಾರ ಮಕ್ಕಳ ಬಗ್ಗೆ ಏಕೆ ನಡೆಸಬಾರದೆಂಬುದು ಅವರ ವಾದವಾಗಿತ್ತು. ಅವರ ದೀರ್ಘ ಹೋರಾಟದ ಫಲವಾಗಿ 1917ರಲ್ಲಿ ಅಲ್ಲಿನ ವಿಶ್ವವಿದ್ಯಾನಿಲಯದಲ್ಲಿ ಶಿಶು ಸಂಶೋಧನಾ ಕೇಂದ್ರ ಆರಂಭವಾಯಿತು.

1930ರ ದಶಕದಲ್ಲಿ ಆ ಕೇಂದ್ರದ ಹೆರಾಲ್ಡ್ ಸ್ಕೀಲ್ಸ್, ಅನಾಥಾಲಯದಲ್ಲಿ ಮಂದಬುದ್ಧಿಯವರೆಂದು ಗುರುತಿಸಲ್ಪಟ್ಟಿದ್ದ 13 ಎಳೆಯ ಮಕ್ಕಳ ಅಧ್ಯಯನ ನಡೆಸಿದರು. ಅವರನ್ನು ಬುದ್ಧಿಮಾಂದ್ಯ ಮಹಿಳೆಯರ ವಸತಿಗೃಹಕ್ಕೆ ಕಳುಹಿಸಲಾಗಿತ್ತು. ಆ ಮಹಿಳೆಯರು ಮಕ್ಕಳನ್ನು ಎತ್ತಿ ಆಡಿಸಿದರು, ಮಾತನಾಡಿಸಿದರು, ತಮ್ಮವರೆಂದು ಅಪ್ಪಿಕೊಂಡರು. ಅಷ್ಟೇ. ಮಕ್ಕಳ ಬುದ್ಧಿಸೂಚ್ಯಂಕ ಸರಾಸರಿ 27 ಅಂಕಗಳಿಗೂ ಹೆಚ್ಚು ಏರಿತು. ಅನಾಥಾಲಯದಲ್ಲೇ ಉಳಿದ 12 ಮಕ್ಕಳದ್ದು ಸರಾಸರಿ 26 ಅಂಕ ಕುಸಿಯಿತು. ಸಂಖ್ಯೆ ಸಣ್ಣದು, ವಿದ್ವಾಂಸರು ತಕರಾರು ತೆಗೆದರು, ಗೇಲಿಯನ್ನೂ ಮಾಡಿದರು. ಆದರೆ 1966ರಲ್ಲಿ ಸ್ಕೀಲ್ಸ್ ಪ್ರಕಟಿಸಿದ ಮರುಶೋಧದ ಪ್ರಕಾರ, ಬೆಳೆದು ದೊಡ್ಡವರಾಗಿದ್ದ ಆ ಹದಿಮೂವರಲ್ಲಿ ಒಬ್ಬರೂ ಯಾವುದೇ ಸಂಸ್ಥೆಯ ಆಶ್ರಯದಲ್ಲಿರಲಿಲ್ಲ. ಮತ್ತೊಂದು ಗುಂಪಿನ ನಾಲ್ವರು ಇನ್ನೂ ಅಲ್ಲೇ ಇದ್ದರು. ಮಗುವನ್ನು ಮೊಬೈಲಿನ ಕೈಗೊಪ್ಪಿಸಿ ನೆಮ್ಮದಿ ಕಾಣುವ ನಾವು ಈ ಸಂಗತಿಯನ್ನು ಎರಡು ಬಾರಿ ಓದಬೇಕು.

ಭಾರತದಲ್ಲಿ ಬರೋಡಾದ ಮಹಾರಾಜ ಸಯಾಜಿರಾವ್ ವಿಶ್ವವಿದ್ಯಾನಿಲಯವು ಹಂಸಾ ಮೆಹ್ತಾ ಕುಲಪತಿಯಾಗಿದ್ದಾಗ, 1950ರಲ್ಲಿ ಗೃಹವಿಜ್ಞಾನ ನಿಕಾಯವನ್ನು ಆರಂಭಿಸಿತು. ಅಲ್ಲಿನ ವಿದ್ಯಾರ್ಥಿಗಳಿಗೆ ಪುಸ್ತಕದಷ್ಟೇ ಮುಖ್ಯವಾದುದು ವಿಭಾಗವೇ ನಡೆಸುವ ಚೇತನ್ ಬಾಲವಾಡಿ. ಮಕ್ಕಳ ಮಧ್ಯೆ ಕುಳಿತು ಅವರನ್ನು ಗಮನಿಸುವುದೇ ಪಾಠ. (ಹಿಝಾನತ್‌ನ, ಅಂದರೆ ಮಕ್ಕಳ ಪಾಲನೆಯ ಹಕ್ಕಿನ ಅಧ್ಯಾಯವನ್ನು ಮದ್ರಸದಲ್ಲಿ ನಾವು ಬಾಯಿಪಾಠ ಮಾಡಿದ್ದೆವು. ಮಗುವೊಂದನ್ನು ಗಮನಿಸಿ ನೋಡಿರೆಂದು ಯಾರೂ ಹೇಳಿರಲಿಲ್ಲ.) ನಮ್ಮ ರಾಜ್ಯದಲ್ಲೂ ಧಾರವಾಡದ ಕೃಷಿ ವಿಶ್ವವಿದ್ಯಾನಿಲಯದಲ್ಲಿ ಈ ಶಾಸ್ತ್ರಕ್ಕೆ ಪ್ರತ್ಯೇಕ ವಿಭಾಗವಿದೆ. ಗೃಹವಿಜ್ಞಾನವೆಂಬ ಹಳೆಯ ಹೆಸರು ಅಲ್ಲೀಗ ಸಮುದಾಯ ವಿಜ್ಞಾನವೆಂದು ಬದಲಾಗಿದೆ.

ಇದರಿಂದ ಪ್ರಯೋಜನವೇನೆಂದು ಕೇಳುವವರು ಮೊಹಲ್ಲಾದ ಪಂಚಾಯಿತಿಕೆಗಳನ್ನೊಮ್ಮೆ ನೆನಪಿಸಿಕೊಳ್ಳಲಿ. ದಂಪತಿಯ ಜಗಳ ಜಮಾಅತ್ ಸಮಿತಿಯ ಮುಂದೆ ಬರುತ್ತದೆ. ಕುಳಿತ ಹಿರಿಯರು ಸದುದ್ದೇಶದವರೇ. ಆದರೆ ಹೆರಿಗೆಯ ನಂತರ ಮಂಕಾದ ಸೊಸೆಯ ಮೌನವನ್ನು ಅವರು ಹಠವೆಂದು ಓದುತ್ತಾರೆ. ರಾತ್ರಿ ಹಾಸಿಗೆ ಒದ್ದೆ ಮಾಡತೊಡಗಿದ ಏಳರ ಹುಡುಗನ ಬಗ್ಗೆ ಕೇಳುವುದೇ ಇಲ್ಲ. ಅದನ್ನು ಓದಲು ತರಬೇತಿ ಬೇಕು. 1984ರ ಕೌಟುಂಬಿಕ ನ್ಯಾಯಾಲಯ ಕಾಯ್ದೆ ಆಪ್ತಸಮಾಲೋಚಕರಿಗೆ ಅವಕಾಶ ನೀಡಿದೆ. 2015ರ ಬಾಲನ್ಯಾಯ ಕಾಯ್ದೆಯಂತೂ ಮಕ್ಕಳ ಕಲ್ಯಾಣ ಸಮಿತಿಯ ಸದಸ್ಯತ್ವಕ್ಕೆ ಪರಿಗಣಿಸುವ ಪದವಿಗಳ ಸಾಲಿನಲ್ಲಿ ಮಾನವ ಅಭಿವೃದ್ಧಿಯನ್ನು ಹೆಸರಿಸಿಯೇ ಸೇರಿಸಿದೆ. ಅನಾಥ, ಪರಿತ್ಯಕ್ತ ಮಗುವಿನ ಭವಿಷ್ಯವನ್ನು ನಿರ್ಧರಿಸುವ ಆ ಕುರ್ಚಿಗಳಲ್ಲಿ ನಮ್ಮವರು ಏಕಿಲ್ಲವೆಂದು ದೂರುವ ಮುನ್ನ, ಅದಕ್ಕೆ ಬೇಕಾದ ಪದವಿಗೆ ನಮ್ಮಲ್ಲಿ ಎಷ್ಟು ಮಂದಿ ಅರ್ಜಿ ಹಾಕಿದ್ದಾರೆಂದು ಕೇಳಿಕೊಳ್ಳುವುದು ಒಳಿತು.

ಪದವಿ ಕೈಗೆ ಬಂದೊಡನೆ ಸಂಬಳ ಬರುತ್ತದೆಂದು ನಾವು ಹೇಳಲಾರೆವು. ಕಾಯ್ದೆ ಸೃಷ್ಟಿಸುವ ಸರಕಾರ ಹುದ್ದೆ ತುಂಬಲು ತೋರುವ ಉದಾಸೀನ ಎಲ್ಲರಿಗೂ ಗೊತ್ತಿರುವುದೇ. ಇನ್ನೊಂದು ತೊಡಕು ನಮ್ಮದೇ ಸೃಷ್ಟಿ. ಇದು ಹೆಣ್ಣುಮಕ್ಕಳ ವಿಷಯವೆಂಬ ಭಾವನೆ. ಕುಟುಂಬದಲ್ಲಿ ತಂದೆಯೆಂಬವನೂ ಇರುತ್ತಾನಲ್ಲವೇ? ಈ ಬಾರಿ ಅರ್ಜಿ ತುಂಬುವಾಗ ಮಗಳ ಮುಂದೆ ಮಾತ್ರವಲ್ಲ, ಮಗನ ಮುಂದೆಯೂ ಈ ವಿಷಯದ ಹೆಸರನ್ನೊಮ್ಮೆ ಎತ್ತಿ ನೋಡಿ.