ಸಹಿಗೆ ಮೊದಲು ಅವಳಿಗೂ ಒಬ್ಬ ವಕೀಲರು ಬೇಕು

"ಹೆಣ್ಣುಮಗಳಿಗೆ ವಕೀಲರು ಯಾಕೆ? ಮನೆ ವಿಷಯ ಮನೆಯಲ್ಲೇ ಮುಗಿಯಲಿ" ಅಂತಾರೆ ಹಿರಿಯರು. ಹಾಗಾದರೆ ಅಣ್ಣತಮ್ಮಂದಿರು ತಂದಿರುವ ಹಕ್ಕು ಬಿಡುಗಡೆ ಪತ್ರ ಬರೆದವರು ಯಾರು? ವಕೀಲರೋ ಪತ್ರ ಬರಹಗಾರರೋ, ದುಡ್ಡು ಕೊಟ್ಟವರು ಅವರೇ. ಒಂದು ಕಡೆಗೆ ಕಾನೂನು ಬಲ್ಲವರು ಆಗಲೇ ಇದ್ದಾರೆ. ಇನ್ನೊಂದು ಕಡೆ ಅವಳೊಬ್ಬಳೇ, ಮಡಿಲಲ್ಲಿ ಅರಿಶಿನ ಕುಂಕುಮದ ಸೀರೆ. ಸಬ್ ರಿಜಿಸ್ಟ್ರಾರ್ ಕಚೇರಿಗೆ ಕಾರಲ್ಲಿ ಕರೆದೊಯ್ಯುತ್ತಾರೆ. (ವಾಪಸ್ ಬಸ್ಸಲ್ಲಿ.)

ಏನು ಬಿಟ್ಟುಕೊಡುತ್ತಿದ್ದಾಳೆ ಅಂತ ಅವಳಿಗೆ ಹೇಳಿದವರಿಲ್ಲ. 2005ರ ತಿದ್ದುಪಡಿ ಪ್ರಕಾರ ಹಿಂದೂ ಕುಟುಂಬದ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಪಾಲು. ಅಪ್ಪ ಅದಕ್ಕೂ ಮೊದಲೇ ತೀರಿಕೊಂಡಿದ್ದರೂ ಅವಳ ಹಕ್ಕು ಹೋಗಲ್ಲ, ಅದು ಹುಟ್ಟಿನಿಂದ ಬಂದದ್ದು ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿದೆ. ಆದರೆ 2004ರ ಡಿಸೆಂಬರ್ 20ಕ್ಕೆ ಮೊದಲೇ ಪಾಲಾಗಿ ರಿಜಿಸ್ಟರ್ ಆಗಿದ್ದರೆ ಕಥೆ ಬೇರೆ. ನಿಮ್ಮ ಮನೆಯದು ಯಾವ ಕಥೆ? ಅದನ್ನು ಅರಳಿಕಟ್ಟೆ ಹೇಳಲ್ಲ, ದಾಖಲೆ ನೋಡಿ ವಕೀಲರೇ ಹೇಳಬೇಕು.

ಫೀಸು? 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಡಿ ಹೆಣ್ಣುಮಕ್ಕಳಿಗೆ ಉಚಿತ ಕಾನೂನು ನೆರವು ಇದೆ, ಅವರಿಗೆ ಆದಾಯದ ಮಿತಿಯೂ ಇಲ್ಲ. ತಾಲ್ಲೂಕು ಕೋರ್ಟಿಗೆ ಹೋಗಿ ಕಾನೂನು ಸೇವಾ ಸಮಿತಿ ಎಲ್ಲಿ ಅಂತ ಕೇಳಿ. ಇಲ್ಲವೇ 15100ಕ್ಕೆ ಫೋನ್ ಮಾಡಿ.

"ವಕೀಲರ ಹತ್ತಿರ ಹೋದರೆ ತವರು ತಪ್ಪುತ್ತೆ" ಅಂತ ಹೆದರಿಸುತ್ತಾರೆ. ಕೇಸು ಹಾಕಿ ಅಂತ ನಾವು ಹೇಳುತ್ತಿಲ್ಲ. ಪಾಲು ಬಿಡುವುದಾದರೆ ಬಿಡಲಿ, ಅವಳ ಇಷ್ಟ. ಪತ್ರ ಓದಿಸಿಕೊಂಡು, ತಿಳಿದು ಬಿಡಲಿ. ಅದಕ್ಕೊಂದು ವಾರ ಕಾಯಲಾರದ ಅಣ್ಣನಿಗೆ ಅಷ್ಟು ಅವಸರ ಯಾಕಂತೆ?